ಎರಡನೇ ಸಲದ ತಪಾಸಣೆ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳಿಗೆ ಟಕಟಕಕ್ಕ ಎಂದೇ ಹೆಸರು. ಭಟ್ಟಿಯಲ್ಲಿ ಸುಟ್ಟು ಬಂದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, ಮರದ ಕಡ್ಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಕಣಕಣ ಎಂದರೆ ಪಾಸು. ದಬ್ ಎಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಅದನ್ನು ಪಕ್ಕದ ಕೆಂಪು ತಟ್ಟೆಯಲ್ಲಿ ಇಡಬೇಕು. ಕೆಂಪು ತಟ್ಟೆಯದನ್ನು ಮೇಸ್ತ್ರಿ ಮತ್ತೊಮ್ಮೆ ಪರೀಕ್ಷಿಸಬೇಕು ಎಂಬುದು ನಿಯಮವೇನೋ ಹೌದು. ಆದರೆ ಆ ಮಹಾರಾಯನಿಗೆ ಪುರುಸೊತ್ತೆಲ್ಲಿ? ಸಂಜೆಗೆ ತಟ್ಟೆಗೆ ತಟ್ಟೆಯನ್ನೇ ಪುಡಿ ಮಾಡುವ ಯಂತ್ರಕ್ಕೆ ಸುರಿದು ಮನೆಗೆ ಹೋಗುತ್ತಿದ್ದ. ಇಷ್ಟು ವರ್ಷಗಳಲ್ಲಿ ಅಲ್ಲಿಂದ ಒಂದೇ ಒಂದು ಬಟ್ಟಲು ವಾಪಸು ಬಂದದ್ದನ್ನು ಅವಳು ಕಂಡಿರಲಿಲ್ಲ.

ಅದೇ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಅವಳ ತಂಗಿ ಇದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಅಕ್ಕನ ಮನೆಗೇ ಬಂದು ಸೇರಿದ್ದಳು. ಮದುವೆ ಕೂಡಿಬರದ ಅಕ್ಕನಿಗೆ ಅವರಿಬ್ಬರೇ ಸರ್ವಸ್ವ. ಹೋದ ವರ್ಷ ಆಸ್ಪತ್ರೆಯವರು ನಲವತ್ತು ದಾಟಿದ ಹೆಂಗಸರಿಗೆಲ್ಲ ಸ್ತನ ಕ್ಯಾನ್ಸರ್ ತಪಾಸಣೆಗೆ ಬನ್ನಿ ಎಂದು ಕಾಗದ ಕಳಿಸಿದರು. ಅಕ್ಕ ರಜೆ ಸಿಗುವುದಿಲ್ಲ ಎಂದು ಜಾರಿಕೊಂಡಳು, ತಂಗಿ ಹೋಗಿಬಂದಳು. ಹದಿನೈದು ದಿನಕ್ಕೆ ತಂಗಿಗೆ ಇನ್ನೊಂದು ಕಾಗದ ಬಂತು. ಮತ್ತೊಮ್ಮೆ ಪರೀಕ್ಷೆ ಮಾಡಬೇಕಿದೆ, ಗಾಬರಿ ಬೇಡ, ಹೀಗೆ ಕರೆಸಿದವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ ಎಂದು ಅದರಲ್ಲಿತ್ತು.

ಅಕ್ಕ ಅದನ್ನು ಎರಡೆರಡು ಸಲ ಓದಿದಳು. ಮತ್ತೊಮ್ಮೆ ನೋಡುವುದೆಂದರೆ ಏನೆಂದು ಅವಳಿಗೆ ಗೊತ್ತಿಲ್ಲವೇ! ಬದಿಗಿಟ್ಟರು ಎಂದರೆ ತೀರ್ಮಾನ ಆಗಿಹೋಯಿತು, ಉಳಿದದ್ದೆಲ್ಲ ಬಾಯಿಮಾತಿನ ಸಮಾಧಾನ. ಕಾರ್ಖಾನೆಗೂ ಆಸ್ಪತ್ರೆಗೂ ಏನು ಸಂಬಂಧ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹೋದರೆ ಕೊಯ್ದು ಹಾಕುತ್ತಾರೆ, ಹೋಗದಿದ್ದರೆ ಇದ್ದಷ್ಟು ದಿನ ನೆಮ್ಮದಿಯಾಗಿರಬಹುದು ಎಂದು ತಂಗಿಗೆ ಬಿಡಿಸಿ ಹೇಳಿದಳು. ತಂಗಿಗೆ ಆಗ ಗಂಟೂ ಇರಲಿಲ್ಲ, ನೋವೂ ಇರಲಿಲ್ಲ. ಮೇಲಾಗಿ ಚಿಕ್ಕಂದಿನಿಂದಲೂ ಅಕ್ಕ ಹಾಕಿದ ಗೆರೆ ದಾಟಿದವಳಲ್ಲ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಎರಡು ಸಲವೂ ಅಕ್ಕನೇ ಎತ್ತಿ, ಅವಳು ಊರಲ್ಲಿಲ್ಲ ಎಂದಳು.

ಹತ್ತು ತಿಂಗಳಿಗೆ ಗಂಟು ಕೈಗೆ ಸಿಕ್ಕಿತು. ಅಷ್ಟರಲ್ಲಿ ರೋಗ ಮೂಳೆಗೂ ಇಳಿದಿತ್ತು. ಡಾಕ್ಟರಮ್ಮ ಮೊದಲ ತಪಾಸಣೆಯ ಎಕ್ಸ್‌ರೇ ತೆಗೆಸಿ ನೋಡಿ, ಆಗ ಇದು ಕಡಲೆಕಾಳಿಗಿಂತ ಚಿಕ್ಕದಿತ್ತು, ಆಗಲೇ ಬಂದಿದ್ದರೆ ತೆಗೆದುಬಿಡಬಹುದಿತ್ತು ಎಂದರು. ಬೈಯಲಿಲ್ಲ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ತಂಗಿ ಹಾಸಿಗೆ ಹಿಡಿದಳು. ಅಂಥದ್ದರಲ್ಲಿ ಟಕಟಕಕ್ಕನಿಗೆ ಈ ವರ್ಷದ ಕಾಗದ ಬಂತು. ತಂಗಿಗೆ ಬಂದಿರುವುದರಿಂದ ನೀವು ತಪ್ಪದೆ ಬರಬೇಕು ಎಂದು ಡಾಕ್ಟರಮ್ಮ ಕೆಳಗೆ ಕೈಯಲ್ಲಿ ಬರೆದಿದ್ದರು. ಅವಳು ಅದನ್ನು ಮಡಚಿ ಹಿಟ್ಟಿನ ಡಬ್ಬದ ಹಿಂದೆ ತಳ್ಳಿದಳು. ಈ ಸಲ ಹೆದರಿಕೆಯಿಂದಲ್ಲ. ತಂಗಿಯನ್ನು ತಡೆದವಳು ಯಾವ ಮುಖ ಹೊತ್ತು ಅಲ್ಲಿಗೆ ಹೋಗುವುದು? ಬಂದರೆ ತನಗೂ ಬರಲಿ, ಅದೇ ನ್ಯಾಯ ಎಂದುಕೊಂಡಳು. ಹಾಗೆಂದುಕೊಂಡಾಗ ಅವಳ ಮನಸ್ಸು ತುಸು ಹಗುರವೂ ಆಯಿತು ನೋಡಿ. ಶಿಕ್ಷೆ ಬೇಡುವುದರಲ್ಲೂ ಒಂದು ಹಾಳು ಸುಖವಿರುತ್ತದೆ.

ಹಿಟ್ಟು ತೆಗೆಯಲು ಹೋದ ತಂಗಿಯ ಮಗಳಿಗೆ ಕಾಗದ ಸಿಕ್ಕಿತು. ದೊಡ್ಡಮ್ಮನದು ಎಂದು ಅಮ್ಮನ ಕೈಗೆ ಕೊಟ್ಟಳು. ಸಂಜೆ ಕೆಲಸ ಮುಗಿಸಿ ಬಂದ ಅಕ್ಕನನ್ನು ತಂಗಿ ಹಾಸಿಗೆ ಪಕ್ಕ ಕೂರಿಸಿಕೊಂಡು, ಯಾಕೆ ಬಚ್ಚಿಟ್ಟೆ ಎಂದು ಕೇಳಿದಳು.

"ನಿನಗಿಲ್ಲದ್ದು ನನಗೂ ಬೇಡ," ಎಂದಳು ಅಕ್ಕ.

ತಂಗಿ ಏದುಸಿರು ಬಿಡುತ್ತಲೇ ಹೇಳಿದಳು: "ಬೇಡ ಅನ್ನೋದು ನಿನಗೆಷ್ಟು ಸಲೀಸು ಅಕ್ಕ. ನನ್ನ ಮಗಳಿಗಿನ್ನೂ ಹನ್ನೊಂದು. ನಾನು ಹೋದ್ಮೇಲೆ ಅವಳಿಗೆ ನೀನೊಬ್ಳೇ. ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ, ಅದು ನನ್ನ ಕೈಲಾಗ್ತಿಲ್ಲ. ಆದ್ರೆ ಹೋಗಿ ಬಾ."

ಅಕ್ಕ ಹೋದಳು. ಹದಿನೈದು ದಿನಕ್ಕೆ ಅವಳಿಗೂ ಅದೇ ಕಾಗದ ಬಂತು, ಮತ್ತೊಮ್ಮೆ ನೋಡಬೇಕು ಎಂದು. ಕೆಂಪು ತಟ್ಟೆ ಕಣ್ಣ ಮುಂದೆ ಬಂತು. ಆದರೂ ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಎರಡನೇ ಸಲಕ್ಕೆ ಬಂದವರು ಅವಳೂ ಸೇರಿ ಐದು ಜನ ಇದ್ದರು. ಮೂವರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಗುನಗುತ್ತ ಹೊರಗೆ ಬಂದರು. ಟಕಟಕಕ್ಕನಿಗೂ ಬರೀ ನೀರಿನ ಗುಳ್ಳೆ, ಹೆದರುವಂಥದ್ದಲ್ಲ ಎಂದರು. ಕೊನೆಯವಳೊಬ್ಬಳು ಮಾತ್ರ ನಗಲಿಲ್ಲ. ಅಕ್ಕನಿಗೆ ಎದ್ದು ಬಸ್ಸಿನ ತನಕ ನಡೆಯಲು ಅರ್ಧ ಗಂಟೆ ಬೇಕಾಯಿತು. ವಾಪಸು ಬರುತ್ತಾರೆ, ಎಲ್ಲರೂ ವಾಪಸು ಬರುತ್ತಾರೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಅತ್ತಳು.

ಮನೆಯಲ್ಲಿ ತಂಗಿ ಎಚ್ಚರವಾಗಿಯೇ ಇದ್ದಳು. ಏನಂದರು ಎಂದು ಕೇಳಿದಳು. ಏನೂ ಇಲ್ಲವಂತೆ ಎಂದು ಅಕ್ಕ ನೆಲ ನೋಡುತ್ತ ಹೇಳಿದಳು.

"ಬೇರೆಯವರಿಗೆ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಸಾಕಾಗಿತ್ತು. "ಐದು ಜನ ಇದ್ವಿ. ನಾಲ್ಕು ಜನಕ್ಕೆ ಏನೂ ಇಲ್ಲ ಅಂದ್ರು."

"ಇನ್ನೊಬ್ಳಿಗೆ?"

"ಇದೆಯಂತೆ. ಸಣ್ಣದು. ಮುಂದಿನ ವಾರ ತೆಗೀತಾರಂತೆ, ಗುಣ ಆಗತ್ತಂತೆ."

ತಂಗಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹೋದಳೇನೋ ಎಂದು ಅಕ್ಕ ಏಳಲು ಹೋದಾಗ, ಆ ಹೆಂಗಸಿನ ಜೊತೆ ಯಾರು ಬಂದಿದ್ದರು ಎಂದು ತಂಗಿ ಕೇಳಿದಳು.

"ಅವಳ ಅಕ್ಕ," ಎಂದಳು ಅಕ್ಕ.