ಹೊನ್ನೆದಿಂಬ ಪೋಡಿನ ಹಳೆಯ ಸೀಲು

ನಾನು ಒಂದು ಸೀಲು, ರಬ್ಬರಿನದು. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನನ್ನು ಜನ ರಬ್ಬರ್ ಸ್ಟ್ಯಾಂಪ್ ಎಂದು ನನ್ನ ಹೆಸರಿಟ್ಟು ಬೈಯುತ್ತಾರೆ. ಬೈಯಲಿ ಬಿಡಿ. ನಾನು ಮಾಡಿದ್ದನ್ನು ಕೇಳಿದರೆ ನೀವೂ ಬೈಯುತ್ತೀರಿ. ಆದರೂ ಒಂದು ಸಲ ಪೂರ್ತಿ ಕೇಳಿ, ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಾನು ಹುಟ್ಟಿದ್ದು ಚಾಮರಾಜನಗರದ ಬಸ್ ನಿಲ್ದಾಣದ ಹಿಂದಿದ್ದ ಒಂದು ಗೂಡಂಗಡಿಯಲ್ಲಿ. ಇಲಿಯಾಸ್ ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ರಬ್ಬರಿನಲ್ಲಿ ಒಂದೊಂದೇ ಅಕ್ಷರ ಕೊರೆದು, ಮರದ ಹಿಡಿಗೆ ಅಂಟಿಸಿದರು. ಮಾಡಿಸಲು ಬಂದವರು ಬೆಟ್ಟದ ಮೇಲಿನ ಹೊನ್ನೆದಿಂಬ ಪೋಡಿನ ಯಜಮಾನ ಜಡೇಗೌಡ. ಪೋಡು ಎಂದರೆ ಸೋಲಿಗರ ಊರು, ಕಾಡಿನೊಳಗೆ ಮೂವತ್ತಾರು ಮನೆ. ಕಾಡಿನ ಹಕ್ಕುಪತ್ರ ಆಗಷ್ಟೇ ಅವರ ಕೈಗೆ ಬಂದಿತ್ತು.

"ಎಲ್ಲಾ ಕಚೇರೀಲೂ ಒಂದೊಂದ್ ಸೀಲು ಮಡಿಕೊಂಡವ್ರೆ ಸಾಮಿ. ನಮ್ ಪೋಡ್ಗೂ ಒಂದಿರ್ಲಿ," ಎಂದರು ಜಡೇಗೌಡ. ನನ್ನನ್ನು ಇಂಕಿನಲ್ಲಿ ಅದ್ದಿ ಕಾಗದದ ಮೇಲೆ ಒತ್ತಿ ತೋರಿಸಿದಾಗ, ಪೋಡಿನ ಹೆಸರು, ಅದರ ಅರಣ್ಯ ಹಕ್ಕು ಸಮಿತಿಯ ಹೆಸರು ದುಂಡಗೆ ನೇರಳೆ ಬಣ್ಣದಲ್ಲಿ ಮೂಡಿದವು. ಅವರು ಅದನ್ನು ಬಹಳ ಹೊತ್ತು ನೋಡುತ್ತ ನಿಂತರು, ಬಸ್ಸು ತಪ್ಪಿಹೋಯಿತು.

ಸೊಂಟದ ಸಂಚಿಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪಿನ ಜೊತೆ ನನ್ನ ಸಂಸಾರ ಶುರುವಾಯಿತು. ಸುಣ್ಣ ತಾಗಿ ಹಿಡಿಯ ಬಣ್ಣ ಹೋಯಿತು, ಹೋಗಲಿ. ಕೈಪಂಪು ಕೆಟ್ಟಿದೆ ಎಂಬ ಅರ್ಜಿಗೆ ನಾನು. ಶಾಲೆಗೆ ಮೇಷ್ಟ್ರು ಬೇಕು ಎಂಬ ಪತ್ರಕ್ಕೆ ನಾನು. ನಾನಿಲ್ಲದ ಕಾಗದವನ್ನು ಕಚೇರಿಯವರು ಹಿಂದಕ್ಕೆ ಕಳಿಸುತ್ತಿದ್ದರು. ಜಂಭ ಬಂದಿತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಶ್ರೀವತ್ಸ ಬಂದ. ನಗರದ ಯಾವುದೋ ಸಂಶೋಧನಾ ಸಂಸ್ಥೆಯವನು. ಕೆಟ್ಟವನೇನಲ್ಲ, ಕೆಟ್ಟವನಾಗಿದ್ದರೆ ನನ್ನ ಕಥೆ ಸುಲಭವಾಗುತ್ತಿತ್ತು. ಮೂರು ವರ್ಷ ಪೋಡಿನಲ್ಲೇ ಇದ್ದ. ಜಡೇಗೌಡರ ಮನೆಯಲ್ಲಿ ಮುದ್ದೆ ಉಂಡ, ಜ್ವರ ಬಂದಾಗ ಅವರ ಸೊಸೆ ದುಂಡಮ್ಮ ಕೊಟ್ಟ ಕಷಾಯ ಕುಡಿದ. ಜೇನುಬಂಡೆ ಎಲ್ಲಿದೆ, ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು ಯಾವ ಬರೆಯಲ್ಲಿ, ಎಂದರೆ ಬೆಟ್ಟದ ಯಾವ ಇಳಿಜಾರಿನಲ್ಲಿ, ಇಳಿದಿದೆ, ಯಾವ ಮರದಡಿ ದೇವರಿದೆ, ಎಲ್ಲವನ್ನೂ ಇವರ ಹಿಂದೆ ನಡೆದು ನೋಡಿ ಬರೆದುಕೊಂಡ.

ಇಲ್ಲಿಯ ರೂಢಿ ಒಂದಿದೆ. ಕಾಡಿನ ಜಾಗವನ್ನು ಬಾಯಲ್ಲಿ ಹೇಳುವುದಿಲ್ಲ, ಕರೆದುಕೊಂಡು ಹೋಗಿ ತೋರಿಸುತ್ತಾರೆ. ಹಾಗೆ ಜೊತೆಯಲ್ಲಿ ನಡೆದವನು ಆ ಜಾಗಕ್ಕೆ ಬಾಧ್ಯಸ್ಥ. ಮಾಗಳಿ ಅಗೆದರೆ ಬೆರಳುದ್ದ ಬೇರನ್ನು ಮಣ್ಣಿನಲ್ಲೇ ಬಿಟ್ಟು ಗುಂಡಿ ಮುಚ್ಚಬೇಕೆಂದು ಅವನಿಗೆ ಮತ್ತೆ ಹೇಳಿಕೊಡಬೇಕಾಗಿಲ್ಲ. ಶ್ರೀವತ್ಸ ಎಲ್ಲ ಬರೆಗಳನ್ನೂ ನಡೆದಿದ್ದ. ಹಾಗಾಗಿ ಅವನು ನಮ್ಮವನೇ ಎಂದು ಪೋಡಿನವರು ತಿಳಿದರು. ಅವನ ಪುಸ್ತಕದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಮನೆಯ ಮಗನನ್ನು ಹಾಗೆಲ್ಲ ಕೇಳುತ್ತಾರೆಯೇ?

ಹೊರಡುವ ದಿನ ಅವನು ನಾಲ್ಕು ಹಾಳೆ ಹಿಡಿದು ಬಂದ. ಜಡೇಗೌಡರು ಸೂರಿನ ಮೇಲೆ ಹುಲ್ಲು ಹೊದಿಸುತ್ತಿದ್ದರು.

"ಅಜ್ಜ, ಒಪ್ಪಿಗೆ ಪತ್ರ. ಸೀಲು ಬೇಕಿತ್ತು."

"ಸಂಚಿ ಅಲ್ಲೇ ಗೂಟದಲ್ಲಿ ಅದೆ ನೋಡು ಕೂಸೆ. ನೀನೇ ಒತ್ಕೊ."

ಅವನೇ ಒತ್ತಿಕೊಂಡ. ನಾಲ್ಕೂ ಇಂಗ್ಲಿಷಿನಲ್ಲಿದ್ದವು. ಒಂದು ನಕಾಶೆ, ಇನ್ನೊಂದರಲ್ಲಿ ಅರ್ಧ ಹಾಳೆ ಖಾಲಿ ಇತ್ತು. ನನ್ನ ಮುಖ ಅದರ ಮೇಲೆ ಬಿದ್ದಾಗ ನನಗೆ ಏನೂ ಅನ್ನಿಸಲಿಲ್ಲ, ಅದೇ ನನಗೆ ನಾಚಿಕೆ.

ಎರಡು ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ದುಂಡಮ್ಮ ಮಾಗಳಿ ಬೇರಿಗೆಂದು ಹೋದವಳು ಬರಿಗೈಯಲ್ಲಿ ವಾಪಸು ಬಂದಳು. ಮೂರು ಬರೆಗಳ ತುಂಬ ಗುಂಡಿಗಳೇ. ಬೇರನ್ನು ಬುಡಸಮೇತ ಕಿತ್ತಿದ್ದರು, ಒಂದು ಗುಂಡಿಯನ್ನೂ ಮುಚ್ಚಿರಲಿಲ್ಲ. ಕಲ್ಲಿನಡಿ ಒಂದು ಹಾಳೆ ಸಿಕ್ಕಿತ್ತು, ನಕಾಶೆಯ ಜೆರಾಕ್ಸು. ಬರೆಗಳ ಹೆಸರು, ದಾರಿ, ಎಲ್ಲವೂ ಅದರಲ್ಲಿತ್ತು. ಮೂಲೆಯಲ್ಲಿ ದುಂಡಗೆ ನಾನಿದ್ದೆ.

ಏಳನೆಯವರೆಗೆ ಓದಿದ ದುಂಡಮ್ಮ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿ, ಮಾವನ ಮುಂದೆ ಇಟ್ಟಳು.

"ಇದ್ಯಾರ್ ಸೀಲು ಮಾವ?"

ಜಡೇಗೌಡರು ಸಂಚಿ ಬಿಚ್ಚಿ ನನ್ನನ್ನು ಹೊರತೆಗೆದು, ಹಾಳೆಯ ಪಕ್ಕದಲ್ಲಿ ಹಿಡಿದು ನೋಡಿದರು. ನೋಡಬೇಕಾಗೇ ಇರಲಿಲ್ಲ.

"ಅತ್ತಿಬರೇನೂ ಅದರೊಳಗದೆ," ಎಂದಳು ದುಂಡಮ್ಮ. ಅತ್ತಿಬರೆ ಅವಳ ತಾಯಿ ನಡೆಸಿಕೊಂಡು ಹೋಗಿ ತೋರಿಸಿದ ಜಾಗ. ಇನ್ನೂ ಯಾರ ಗುದ್ದಲಿಯೂ ಬಿದ್ದಿರಲಿಲ್ಲ. "ಅದೊಂದ್ ಉಳ್ದದೆ. ಅದ್ನೂ ಕಿತ್ರೆ ನನ್ ಮಗಳ್ಗೆ ನಾನೇನ್ ತೋರ್ಸ್ಲಿ?"

ಅವತ್ತಿನಿಂದ ಸಂಚಿಯೊಳಗೆ ನನಗೆ ನೆಮ್ಮದಿಯಿಲ್ಲ. ಜಡೇಗೌಡರು ಅಡಿಕೆಗೆ ಕೈ ಹಾಕಿ ನನ್ನನ್ನು ಮುಟ್ಟಿದರೆ, ಕೆಂಡ ಮುಟ್ಟಿದ ಹಾಗೆ ಕೈ ಹಿಂದೆ ತೆಗೆಯುತ್ತಿದ್ದರು.

ಅದೇ ಹೊತ್ತಿಗೆ ಶ್ರೀವತ್ಸ ಮತ್ತೆ ಬಂದ, ಬೆಲ್ಲ, ಕಡಲೆಪುರಿ ಎಲ್ಲ ತಂದಿದ್ದ. ಕಾಗದ ಇನ್ನೊಂದಿತ್ತು. ಬರೆದುಕೊಂಡದ್ದನ್ನೆಲ್ಲ ಸಂಸ್ಥೆಯವರು ಕಂಪ್ಯೂಟರಿಗೆ ಹಾಕುತ್ತಾರಂತೆ, ಅದಕ್ಕೂ ನಾನು ಬೇಕಂತೆ. "ಯಾವ ದೇಶದವರು ಬೇಕಾದರೂ ನೋಡಬಹುದು ಅಕ್ಕ. ನಿಮ್ಮ ಜ್ಞಾನಕ್ಕೆ ಗೌರವ ಸಿಗುತ್ತೆ," ಎಂದ.

"ಗೌರವ ಆಗ್ಲೇ ಬಂದೋಗದೆ ಶ್ರೀವತ್ಸಣ್ಣ, ಗುದ್ಲಿ ತಕ್ಕೊಂಡು," ಎಂದಳು ದುಂಡಮ್ಮ. ಅವನನ್ನು ಕರೆದುಕೊಂಡು ಹೋಗಿ ಗುಂಡಿಗಳನ್ನು ತೋರಿಸಿದಳು. ಬಂದವನು ತಾನು ತಂದಿದ್ದ ಕಾಗದವನ್ನು ಮತ್ತೆ ಹೊರತೆಗೆಯಲಿಲ್ಲ.

ಮರುದಿನ ಇಡೀ ಪೋಡು ಹೊನ್ನೆ ಮರದಡಿ ಸೇರಿತು. ನನ್ನನ್ನು ಒಂದು ಮೊರದಲ್ಲಿಟ್ಟು ನಡುವೆ ಇಟ್ಟರು. ದುಂಡಮ್ಮ ಎದ್ದು ನಿಂತು ಹೇಳಿದಳು. "ನೀನು ಬರ್ಕೊಂಡ ಪುಸ್ತಕ, ನಕಾಸೆ, ಮಿಸೀನ್ನಲ್ಲಿ ನಮ್ಮ ಮಾತು ತುಂಬ್ಕೊಂಡಿರದು, ಎಲ್ಲಾ ಇಲ್ಲಿಗೆ ಬರ್ಲಿ. ನಮ್ ಮನೇಲಿರ್ಲಿ. ಬೇಕಾದೋರು ಬಂದು ನಮ್ಮ ಕೇಳ್ಲಿ. ಕೊಡೋದ ಕೊಟ್ಟೇವು, ಕೊಡಬಾರದ್ನ ಕೊಡಾಕಿಲ್ಲ."

"ನನ್ನ ಕೈಯಲ್ಲಿಲ್ಲ ಅಕ್ಕ. ಅವೆಲ್ಲ ಸಂಸ್ಥೆಯದು ಅಂತ ಆ ಪತ್ರದಲ್ಲಿದೆ. ಸೀಲು ನಿಮ್ಮದೇ," ಎಂದ ಶ್ರೀವತ್ಸ. ಖಾಲಿ ಬಿಟ್ಟಿದ್ದ ಅರ್ಧ ಹಾಳೆಯಲ್ಲಿ ಆಮೇಲೆ ಯಾರೋ ಅದನ್ನು ಬರೆದಿದ್ದರು. ದಾರಿಯನ್ನೂ ಶ್ರೀವತ್ಸನೇ ಹೇಳಿದ. "ಈ ಸೀಲು ಅಳಿಸಿದ್ದೀವಿ, ಇದು ಇನ್ನು ನಮ್ಮದಲ್ಲ, ಇದರ ಮೇಲೆ ಕೊಟ್ಟ ಒಪ್ಪಿಗೆ ವಾಪಸು ತಗೊಂಡಿದ್ದೀವಿ ಅಂತ ಸಭೆಯಲ್ಲಿ ಬರೆದುಕೊಡಿ. ಅದನ್ನು ಹಿಡಿದು ನಾನು ಅಲ್ಲಿ ಜಗಳ ಮಾಡ್ತೀನಿ."

ಎಲ್ಲರೂ ಜಡೇಗೌಡರ ಕಡೆ ನೋಡಿದರು. ನಾನೂ ನೋಡಿದೆ. ಹನ್ನೊಂದು ವರ್ಷ ಅವರ ಸೊಂಟದಲ್ಲಿದ್ದವನು ನಾನು. ಬೇಡ ಎಂದು ಕೂಗಬೇಕೆನ್ನಿಸಿತು, ಬೇಗ ಮಾಡಿ ಮುಗಿಸಿ ಎಂದೂ ಅನ್ನಿಸಿತು.

"ತಪ್ಪು ಸೀಲ್ದಲ್ಲ, ನಂದು," ಎಂದರು ಅವರು. "ಜೊತೇಲಿ ನಡ್ದೋನು ತಪ್ ಮಾಡಾಕಿಲ್ಲ ಅನ್ಕೊಂಡಿದ್ದೆ. ಇವ್ನು ನಡ್ದಿದ್ದ. ಇವ್ನ ಕಾಗ್ದ ನಡ್ದಿರ್ನಿಲ್ಲ. ಅದು ನನಗೆ ಹೊಳೀನಿಲ್ಲ ಕನ್ರಪ್ಪ."

ಜೇನು ಕೊಯ್ಯುವ ಚಾಕು ತೆಗೆದು ನನ್ನ ಮುಖವನ್ನು ಹೆರೆದರು. ಮೊದಲು ಪೋಡಿನ ಹೆಸರು ಹೋಯಿತು, ಆಮೇಲೆ ಸಮಿತಿಯದು. ರಬ್ಬರಿನ ಚೂರುಗಳು ಮೊರದಲ್ಲಿ ಉದುರಿದವು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದನ್ನು ನೋಡಿಯೇ.

ಸಭೆ ಬರೆದುಕೊಟ್ಟ ಕಾಗದ ಹಿಡಿದು ಹೋದ ಶ್ರೀವತ್ಸ ಮಾತು ಉಳಿಸಿಕೊಂಡ. ಎಂಟು ತಿಂಗಳ ನಂತರ ಪುಸ್ತಕ, ನಕಾಶೆ ತುಂಬಿದ ಎರಡು ಪೆಟ್ಟಿಗೆ ಹೊತ್ತು ತಂದು ದುಂಡಮ್ಮನ ಮುಂದಿಟ್ಟ.

"ಇಷ್ಟೇನಾ? ಇದ್ರ ನಕಲು ಇನ್ನೆಷ್ಟವೆ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ ಅಕ್ಕ," ಎಂದ. ಜಡೇಗೌಡರು ಅವನಿಗೆ ಎಂದಿನಂತೆ ತಟ್ಟೆ ಹಾಕಿಸಿದರು, ಆದರೆ ಅವನಿಂದ ಸರಿಯಾಗಿ ಉಣ್ಣಲಾಗಲಿಲ್ಲ.

ಈಗ ಪೋಡಿಗೆ ಹೊಸ ಸೀಲಿದೆ. ಇಡೀ ಪೋಡು ಕೂತು, ಕಾಗದವನ್ನು ಕನ್ನಡದಲ್ಲಿ ಓದಿಸಿ ಕೇಳದೆ ಅದು ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಪುಸ್ತಕಗಳೆಲ್ಲ ದುಂಡಮ್ಮನ ಟ್ರಂಕಿನಲ್ಲಿವೆ. ಓದಬೇಕಾದವರು ಅವಳ ಜಗಲಿಯಲ್ಲೇ ಕೂತು ಓದಿ ಹೋಗುತ್ತಾರೆ. ನೆಲದ ತೇವ ತಾಗದಿರಲೆಂದು ಟ್ರಂಕಿನ ಒಂದು ಮೂಲೆಯಡಿಗೆ ನನ್ನನ್ನು ಇಟ್ಟಿದ್ದಾಳೆ. ವಯಸ್ಸಾದವನಿಗೆ ಇದೇ ತಕ್ಕ ಕೆಲಸ.

ಮೊನ್ನೆ ಒಬ್ಬ ಬಂದಿದ್ದ. ಉಪ್ಪಿನಕಾಯಿಗೆ ಮಾಗಳಿ ಬೇರು ಕೊಳ್ಳುವ ವ್ಯಾಪಾರಿ. ಜೇಬಿನಿಂದ ಮಡಚಿದ ಹಾಳೆ ತೆಗೆದು, "ಅತ್ತಿಬರೆಗೆ ದಾರಿ ಯಾವುದಮ್ಮ? ನೋಡಿ, ನಿಮ್ಮ ಸಮಿತಿ ಒಪ್ಪಿಗೆ ಇದೆ," ಎಂದ.

ದುಂಡಮ್ಮ ಟ್ರಂಕನ್ನು ಎತ್ತಿ ನನ್ನನ್ನು ತೆಗೆದು, ಇಂಕಿನ ಡಬ್ಬಿಯ ಜೊತೆ ಅವನ ಕೈಗೆ ಕೊಟ್ಟಳು. "ಆ ಸೀಲು ಇದೇಯ. ಒತ್ತಿ ನೋಡು."

ಅವನು ಒತ್ತಿದ. ಕಾಗದದ ಮೇಲೆ ನೇರಳೆ ಮಚ್ಚೆಯೊಂದು ಬಿತ್ತು, ಒಂದಕ್ಷರವೂ ಮೂಡಲಿಲ್ಲ.

"ಒಪ್ಗೆ ಬೇಕಂದ್ರೆ ಅಮಾಸೆ ದಿನ ಬಾ, ಎಲ್ಲಾ ಸೇರ್ತೀವಿ. ಎಲ್ಲಾರ್ನೂ ಕೇಳು," ಎಂದಳು. ಅವನು ಗೊಣಗುತ್ತ ಎದ್ದ. ಹೋಗುವಾಗ ಹಾಳೆಯನ್ನು ಹರಿಯಲಿಲ್ಲ, ಮಡಚಿ ಜೇಬಿಗೇ ಹಾಕಿಕೊಂಡ. ಅದನ್ನು ದುಂಡಮ್ಮ ನೋಡಿದಳು, ನಾನೂ ನೋಡಿದೆ.

ಅವಳು ನನ್ನನ್ನು ಮತ್ತೆ ಟ್ರಂಕಿನ ಅಡಿಗೆ ಇಟ್ಟು, ಒಂದು ಹಿಡಿ ಹುರುಳಿ ಗುಗ್ಗರಿ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು ಅತ್ತಿಬರೆಗೆ ಹೊರಟಳು. ಅವತ್ತಿನಿಂದ ಪೋಡಿನ ಹೆಂಗಸರು ಸರದಿಯ ಮೇಲೆ ಅಲ್ಲಿ ಕಾವಲು ಕೂರುತ್ತಾರೆ. ಬೇರು ಇಳಿಯುವ ಕಾಲ ಮುಗಿಯುವವರೆಗೆ ಒಂದು ದಿನವೂ ತಪ್ಪಿಸುವ ಹಾಗಿಲ್ಲ, ಮುಂದಿನ ವರ್ಷವೂ ಅಷ್ಟೆ, ಅದರ ಮುಂದಿನ ವರ್ಷವೂ ಅಷ್ಟೆ.

ಅಂದು ಶ್ರೀವತ್ಸ ನನ್ನನ್ನು ಒತ್ತಿದ್ದು ನಾಲ್ಕೇ ಸಲ.