ಶನಿವಾರದ ಮೊಸರನ್ನ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಡೈರಿಗೆ ಹಾಲು ಹಾಕಿದವರು ವಾಪಸಾಗಿ, ಕುರಿಗಳಿನ್ನೂ ರೊಪ್ಪದಿಂದ ಹೊರಡದ ಬೆಳಗಿನ ಹೊತ್ತು. ಬಿಂಡಿಗನವಿಲೆಯ ಚಿಕ್ಕಬೋರಮ್ಮನ ಜಗಲಿಗೆ ಸ್ನೇಹ ಎಂಬ ಡಾಕ್ಟರಮ್ಮ ಬಂದು ಕೂತಳು.

ಮೂರು ತಿಂಗಳಲ್ಲಿ ಆ ಬೀದಿಯ ಐದು ಮಕ್ಕಳಿಗೆ ಟೈಫಾಯ್ಡು ಬಂದಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಮೆಡಿಕಲ್ ಕಾಲೇಜಿನವರು ಅವಳನ್ನು ಕಳಿಸಿದ್ದರು. ಟ್ಯಾಂಕಿನ ನೀರು, ಬೋರಿನ ನೀರು, ನಲ್ಲಿಯ ನೀರು ಎಲ್ಲ ನೋಡಿದ್ದಾಯಿತು. ಎಲ್ಲೂ ಏನೂ ಇರಲಿಲ್ಲ. ಐವರಲ್ಲಿ ಕೊನೆಯವಳು ಚಿಕ್ಕಬೋರಮ್ಮನ ಮೊಮ್ಮಗಳು, ಏಳು ವರ್ಷದ ಚಿನ್ನು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಬಂದು ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಇನ್ನೊಂದು ಸಲ ಬಂದರೆ ಈ ಮೈ ತಡೆಯುವುದಿಲ್ಲ ಎಂದು ಅಲ್ಲಿ ಹೇಳಿ ಕಳಿಸಿದ್ದರು. ಚಿಕ್ಕಬೋರಮ್ಮನಿಗೆ ಬೇಕಾದದ್ದು ಅಷ್ಟೆ, ಇನ್ನೊಂದು ಸಲ ಬರಬಾರದು.

ಎದುರು ಮನೆಯ ಪುಟ್ಟರಾಜು ಹಲ್ಲುಜ್ಜುತ್ತಾ ನಿಂತು ಕೂಗಿದ. "ಡಾಕ್ಟ್ರಮ್ಮ, ಮನೆಮನೆಯಿಂದ ಕಕ್ಕಸ್ಸು ಡಬ್ಬೀಲಿ ತುಂಬ್ಕೊಂಡೋಯ್ತೀರಂತೆ? ನಮ್ಮೂರಲ್ಲಿ ಇದೊಂದಾದ್ರೂ ಬೆಳೆ ಕೈಗತ್ತಿತು ಬುಡಿ."

"ಮೊದ್ಲು ನಿಂದು ಕೊಡ್ಲಾ," ಎಂದಳು ಚಿಕ್ಕಬೋರಮ್ಮ. "ನಿನ್ನ ಹೊಟ್ಟೆ ನೋಡಿದ್ರೆ ಡಬ್ಬಿ ಸಾಕಾಗಾಕಿಲ್ಲ, ಡ್ರಮ್ಮು ತತ್ತಾರೆ."

ಸ್ನೇಹ ನಕ್ಕು ಪುಸ್ತಕ ತೆಗೆದಳು. "ಅಜ್ಜಿ, ಹಿಂದೆ ಯಾರ್ಯಾರಿಗೆ ಈ ಜ್ವರ ಬಂದಿತ್ತು ಅಂತ ಯಾರೂ ಬರೆದಿಟ್ಟಿಲ್ಲ. ನಿಮಗೆ ಎಲ್ಲಾ ನೆನಪಿದೆ ಅಂತಾರೆ."

ನೆನಪಿತ್ತು. ಚಿಕ್ಕಬೋರಮ್ಮನಿಗೆ ಹೆಬ್ಬೆಟ್ಟಿನ ಬದಲು ಸಹಿ ಹಾಕುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಆದರೆ ಯಾವ ವರ್ಷ ಯಾರ ಮನೆಯಲ್ಲಿ ಏನಾಯಿತು ಎಂಬುದು ತಪ್ಪುತ್ತಿರಲಿಲ್ಲ.

"ಕೆರೆ ಕೋಡಿ ಬಿದ್ದ ವರ್ಸ ನಂಗೇ ಬಂತು ಕಣವ್ವ. ನನ್ನ ಕಿರೀ ಮಗ ಅಪ್ಪು ಆಗಿನ್ನೂ ಎದೆ ಬುಟ್ಟಿದ್ದ. ತಿಂಗ್ಳು ಮಲಗಿದ್ದೆ, ತಲೆಕೂದ್ಲೆಲ್ಲ ಉದುರೋಯ್ತು. ಆಮ್ಯಾಕೆ ಇವತ್ತಿನ ಗಂಟ ಒಂದು ನೆಗಡೀನೂ ಇಲ್ಲ."

ಹೇಳುತ್ತಾ ಹೋದಳು. ಆಚಾರಿ ಮನೆಯ ಎರಡು ಹೆಣ್ಣುಮಕ್ಕಳು. ಗಿರಣಿ ಬಂದ ವರ್ಷ ಮೇಲಿನ ಮನೆಯ ಹುಡುಗ. ಪುಟ್ಟರಾಜುವಿನ ತಂಗಿ. ಒಂದೊಂದು ಹೆಸರಿಗೂ ಸ್ನೇಹ ಒಂದೇ ಮಾತು ಕೇಳುತ್ತಿದ್ದಳು. ಜ್ವರಕ್ಕೆ ಹತ್ತು ಹದಿನೈದು ದಿನ ಮುಂಚೆ ಆ ಮಗು ಎಲ್ಲಿ, ಏನು ತಿಂದಿತ್ತು?

"ಎಲ್ಲಿ ತಿಂತವೆ, ಅವರವರ ಮನೇಲೆ. ಶನಿವಾರ ಸಂಜೆ ಮಾತ್ರ ನಮ್ಮ ಜಗಲೀಲಿ."

ಶನಿವಾರದ ಕೈತುತ್ತು ಆ ಬೀದಿಯ ರೂಢಿ. ಅಗಲವಾದ ಪಾತ್ರೆಯಲ್ಲಿ ಆರಿದ ಅನ್ನಕ್ಕೆ ಮೊಸರು ಸುರಿದು, ಚಿಕ್ಕಬೋರಮ್ಮ ಮೊಣಕೈವರೆಗೆ ಕೈಯಿಟ್ಟು ಕಿವುಚುತ್ತಿದ್ದಳು. ಸುತ್ತ ಕೂತ ಮಕ್ಕಳು ಅಂಗೈ ಒಡ್ಡುತ್ತಿದ್ದವು. ಮನೆಯಲ್ಲಿ ಉಣ್ಣದ ಮಗುವೂ ಅವಳ ಕೈಯಿಂದ ಉಣ್ಣುತ್ತಿತ್ತು. ಅವಳ ಕೈಗುಣ ಚೆನ್ನಾಗಿದೆ ಎಂದು ತಾಯಂದಿರೇ ತಂದು ಬಿಡುತ್ತಿದ್ದರು.

ಒಂಬತ್ತನೇ ಹೆಸರಿಗೆ ಬರುವಷ್ಟರಲ್ಲಿ ಅವಳ ಮಾತು ತಾನಾಗಿಯೇ ನಿಧಾನವಾಯಿತು. ಸ್ನೇಹ ಬರೆಯುವುದನ್ನು ನಿಲ್ಲಿಸಿದ್ದಳು.

"ಆಮೇಲೆ ಯಾರು, ಅಜ್ಜಿ?"

"ನಮ್ಮಪ್ಪು. ಒಂಬತ್ತು ವರ್ಸ ಅವ್ನಿಗೆ. ಉಳೀಲಿಲ್ಲ."

"ಅವನೂ ಶನಿವಾರ..."

"ಅವ್ನೇ ಮೊದ್ಲು ಕೈಯೊಡ್ತಿದ್ದೋನು."

ಚಿಕ್ಕಬೋರಮ್ಮ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಎದ್ದು, "ಆ ಡಬ್ಬಿ ಕೊಡವ್ವ, ನಂದೂ ತಗಂಡೋಗು" ಎಂದಳು.

ಹತ್ತು ದಿನ ಬಿಟ್ಟು ಸ್ನೇಹ ಮತ್ತೆ ಬಂದಳು. ಜ್ವರದ ಕ್ರಿಮಿ ಚಿಕ್ಕಬೋರಮ್ಮನ ಹೊಟ್ಟೆಯಲ್ಲೇ ಇತ್ತು. ಪಿತ್ತಕೋಶದಲ್ಲಿ ಕಲ್ಲುಗಳಿರಬಹುದು, ಅವುಗಳ ನಡುವೆ ಅದು ಇಷ್ಟು ವರ್ಷವೂ ಅವಳಿಗೆ ಏನೂ ಮಾಡದೆ ಬದುಕಿರಬಹುದು, ಮಂಡ್ಯದಲ್ಲಿ ಸ್ಕ್ಯಾನಿಂಗ್ ಮಾಡಿಸಬೇಕು ಎಂದಳು. ಇಪ್ಪತ್ತೆಂಟು ದಿನ ಮಾತ್ರೆ, ಆಮೇಲೆ ಮೂರು ಟೆಸ್ಟು. ಆಗಲೂ ಕ್ರಿಮಿ ಹೋಗದಿದ್ದರೆ ಆಪರೇಷನ್. ಅಲ್ಲಿಯವರೆಗೆ ಅಡುಗೆ ಮಾಡುವಂತಿಲ್ಲ, ಬಡಿಸುವಂತಿಲ್ಲ. ಕಕ್ಕಸ್ಸಿಗೆ ಹೋಗಿ ಬಂದರೆ ಸೋಪು ಹಾಕಿ ಕೈ ತೊಳೆಯಬೇಕು. ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿಸುತ್ತೇವೆ ಎಂದಳು.

"ನಿಮ್ಮ ತಪ್ಪಲ್ಲ ಅಜ್ಜಿ. ನಿಮಗೆ ಗೊತ್ತಿರಲಿಲ್ಲ."

"ಅಪ್ಪುಗೂ ನನ್ನಿಂದ್ಲೇನಾ?"

"ಅಷ್ಟು ಹಿಂದಿನದು ಹೇಳಕ್ಕಾಗಲ್ಲ."

"ಏಳಕ್ಕಾಗಲ್ಲ ಅಂತ್ಲಾ, ಅಲ್ಲ ಅಂತ್ಲಾ?"

ಸ್ನೇಹ ಮಾತ್ರೆಯ ಚೀಟಿ ಜಗಲಿಯ ಮೇಲಿಟ್ಟಳು. ಚಿಕ್ಕಬೋರಮ್ಮ ಎಮ್ಮೆಗೆ ಹುಲ್ಲು ಹಾಕಲು ಹೋದಳು. ಹುಲ್ಲು ಹಾಕಿದಳು, ನೀರು ಇಟ್ಟಳು, ಸಗಣಿ ಬಾಚಿದಳು. ಅಳು ಬರಲಿಲ್ಲ.

ಶನಿವಾರ ಜಗಲಿಗೆ ಯಾರೂ ಬರಲಿಲ್ಲ. ಪುಟ್ಟರಾಜು ಹಲ್ಲುಜ್ಜಲು ಹಿತ್ತಲಿಗೆ ಹೋದ. ಮಗ ಪುಟ್ಟಸ್ವಾಮಿ ದಿನಕ್ಕೆ ಎರಡು ಸಲ ಮಾತ್ರೆ ತಂದು ಅಂಗೈಯಲ್ಲಿಟ್ಟು, "ನುಂಗವ್ವ, ಸರಿಯೋಯ್ತದೆ" ಎನ್ನುತ್ತಿದ್ದ. ಅವಳು ನುಂಗುತ್ತಿದ್ದಳು.

ಸೊಸೆ ಸುನಿತಾ ಮೂರು ದಿನ ಏನೂ ಆಡದೆ ನಾಲ್ಕನೆಯ ದಿನ ಬಂದು ನಿಂತಳು. "ಅತ್ತೆ, ಚಿನ್ನೂನ ಪಾಲಹಳ್ಳಿಗೆ, ನಮ್ಮವ್ವನ ಮನೆಗೆ ಕರ್ಕೊಂಡೋಯ್ತೀನಿ. ನಿಮ್ಮ ಮೂರ್ನೇ ಟೆಸ್ಟು ಆಗೋ ಗಂಟ. ನೀವು ಕೊಡ್ದಿದ್ರೂ ಅವ್ಳು ನಿಮ್ಮ ಕೈ ಬುಡಾಕಿಲ್ಲ."

"ಓಗು ಮಗ."

"ಕೋಪ ಮಾಡ್ಕೋಬ್ಯಾಡಿ."

"ಕೋಪ ಎಲ್ಲಿಂದ ಬಂತು. ಅವ್ಳ ಕೆಂಪು ಸ್ವೆಟ್ರು ತಂತಿ ಮ್ಯಾಲದೆ, ಮರ್ತೀಯ."

ನಾಗಮಂಗಲದ ಬಸ್ಸಿಗೆ ಕಾಯುತ್ತಾ ಸುನಿತಾ ಮೊಸರನ್ನದ ಡಬ್ಬಿ ತೆರೆದಳು. ಚಿನ್ನು ಚಮಚ ಮುಟ್ಟಲಿಲ್ಲ. ಅಜ್ಜಿಯ ಮುಂದೆ ಬಂದು ಅಂಗೈ ಒಡ್ಡಿದಳು.

"ಅಜ್ಜಿ, ನೀನು ಕೊಡು. ಒಂದೇ ತುತ್ತು."

ಚಿಕ್ಕಬೋರಮ್ಮ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಕೈ ನೋಯ್ತದೆ ಕಣವ್ವ."

"ಸುಳ್ಳಿ," ಎಂದಳು ಚಿನ್ನು.

ಬಸ್ಸು ಬಂತು. ಹೆಣ್ಣುಮಕ್ಕಳನ್ನು ಮಂಗಳವಾರ ಮನೆಯಿಂದ ಹೊರಡಿಸುವ ಪದ್ಧತಿ ಅವರಲ್ಲಿರಲಿಲ್ಲ. ಚಿಕ್ಕಬೋರಮ್ಮನಿಗೆ ಅದು ನೆನಪಿತ್ತು, ಹೇಳಲಿಲ್ಲ. ಸುನಿತಾ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದ್ದು ಮಂಗಳವಾರ.