ಎರಡು ಸಾವಿರ ಕಾರ್ಡು

ಬಾಗಿಲ ಬಳಿಯ ಚಪ್ಪಲಿ ರಾಶಿ ದಾಟಿಕೊಂಡು ಒಳಗೆ ಬಂದ ಮುದುಕಿ ಯಾರೆಂದು ಅಮ್ಮನ ಶವದ ಪಕ್ಕ ಕೂತಿದ್ದ ಮಗಳಿಗೆ ಗುರುತು ಸಿಗಲಿಲ್ಲ.

"ನಿಮ್ಮ ತಾಯಿ ಕೈಕೆಳಗೆ ಕಾರ್ಡು ಪಂಚ್ ಮಾಡ್ತಿದ್ದೆ ಕಣಮ್ಮ," ಎಂದಳು ಆಕೆ. "ಅವರನ್ನ ಎತ್ತೋ ಮುಂಚೆ ಒಂದು ಮಾತು ಹೇಳ್ಬೇಕಿತ್ತು."

ಅತ್ತ ಸೋದರಮಾವ ಕಣ್ಣೊರೆಸಿಕೊಳ್ಳುತ್ತಲೇ ಬಂದವರನ್ನು ನಗಿಸುತ್ತಿದ್ದ. "ನಮ್ಮಕ್ಕ ಎಂಥಾ ಲೆಕ್ಕ ಆದ್ರೂ ಬಿಡಿಸ್ತಿದ್ಲು. ಕೈಲಿ ಹಿಡಿದಿದ್ದು ಮಾತ್ರ ನೆಲಕ್ಕೇ. ಆವತ್ತು ಕಂಪ್ಯೂಟರ್ ಕಾರ್ಡೆಲ್ಲ ಚೆಲ್ಲಿಬಿಟ್ಲಲ್ಲ, ಆಮೇಲೆ ನಾವು ಗಾಜಿನ ಲೋಟ ಮುಟ್ಟೋಕೆ ಬಿಟ್ಟಿದ್ರೆ ಕೇಳಿ."

ಮುದುಕಿ ನಗಲಿಲ್ಲ. "ಚೆಲ್ಲಿದ್ದು ಅವರಲ್ಲ. ನಾನು."

*

ಆಗ ಕಂಪ್ಯೂಟರ್ ಎಂದರೆ ಒಂದಿಡೀ ಕೋಣೆ. ಗಣಿತ ವಿಭಾಗಕ್ಕೆ ಅದು ಸಿಗುತ್ತಿದ್ದುದು ವಾರಕ್ಕೆ ಒಂದೇ ಗಂಟೆ. ಲೆಕ್ಕದ ಒಂದೊಂದು ಹೆಜ್ಜೆಯೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತಾಗಿ ಕೂರಬೇಕು. ಎರಡು ಸಾವಿರದಲ್ಲಿ ಒಂದು ಹಿಂದುಮುಂದಾದರೂ ಕೆಲಸ ಕೆಟ್ಟಿತು. ಅದಕ್ಕೇ ಕಟ್ಟಿನ ಅಂಚಿನ ಮೇಲೆ ಪೆನ್ಸಿಲಿನಿಂದ ಓರೆ ಗೆರೆಯೊಂದನ್ನು ಎಳೆದಿಡಬೇಕೆಂದು ಅಮ್ಮ, ಅಂದರೆ ಅಲ್ಲಿನವರ ಮೇಡಂ, ಕಟ್ಟಪ್ಪಣೆ ಮಾಡಿದ್ದರು. ಬಿದ್ದರೂ ಗೆರೆ ನೋಡಿ ಜೋಡಿಸಬಹುದು.

ಹೊಸದಾಗಿ ಸೇರಿದ್ದ ಹುಡುಗಿ ಗೆರೆ ಎಳೆಯುವುದನ್ನು ಮರೆತಿದ್ದಳು. ಮೆಟ್ಟಿಲಲ್ಲಿ ಎಡವಿದಳು, ಕಾರ್ಡೆಲ್ಲ ಚೆಲ್ಲಾಪಿಲ್ಲಿಯಾದವು. ಮೇಲೆ, ಆ ಲೆಕ್ಕ ಓಡುವುದನ್ನು ನೋಡಲು ಬಂದಿದ್ದ ಆಡಳಿತ ಮಂಡಳಿಯವರು ಗಡಿಯಾರ ನೋಡುತ್ತ ಕೂತಿದ್ದರು.

ಮೇಡಂ ಮೆಟ್ಟಿಲ ಮೇಲೇ ಕೂತು ಕಾರ್ಡು ಆಯತೊಡಗಿದರು. "ಅಳು ನಿಲ್ಸು. ಕಾರ್ಡು ಒದ್ದೆಯಾದ್ರೆ ಯಂತ್ರ ನುಂಗಲ್ಲ."

ಆಮೇಲೆ ಮೇಲೆ ಹೋಗಿ, ಬೀಳಿಸಿದ್ದು ತಾನೇ ಎಂದರು. ಆ ವರ್ಷ ಸಂಸ್ಥೆಯ ನಿರ್ದೇಶಕಿ ಆಗಬೇಕಿದ್ದವರು ಅದರಿಂದಾಗಿ ಇನ್ನೂ ಆರು ವರ್ಷ ಕಾದರು.

*

"ನಿಜ ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು," ಎಂದಳು ಮುದುಕಿ. "ಆಮೇಲಾಮೇಲೆ ಹೇಳೋಕೆ ಮುಖಾನೇ ಇರ್ಲಿಲ್ಲ. ಬೈದುಬಿಡಿ, ಹೋಗ್ತೀನಿ."

ಮಗಳಿಗೆ ಸಿಟ್ಟು ಬಂತು. ಮುದುಕಿಯ ಮೇಲಲ್ಲ, ಐವತ್ತು ವರ್ಷ ಮನೆಮಂದಿಯ ಗೇಲಿಗೆಲ್ಲ ತಾನೂ ನಕ್ಕು ಸುಮ್ಮನಿದ್ದ ಅಮ್ಮನ ಮೇಲೆ. ಅದರ ಬೆನ್ನಿಗೇ ಅಮ್ಮ ಈಗಲೇ ಎದ್ದು ಕೂರಬಾರದೇ ಎಂದು ಜೀವ ಹಂಬಲಿಸಿತು.

ಹೊರಗೆ ಗಾಡಿ ಬಂದು ನಿಂತಿತು. ಸ್ಟ್ರೆಚರಿನ ಮೂರು ಹಿಡಿಗಳಿಗೆ ಜನ ಬಗ್ಗಿದರು.

"ನಾಲ್ಕನೇದು ನೀವು ಹಿಡ್ಕೊಳ್ಳಿ," ಎಂದಳು ಮಗಳು.

ಮುದುಕಿ ಹಿಂದೆ ಸರಿದಳು. "ಬೇಡಮ್ಮ, ಕೈ ನಡುಗುತ್ತೆ. ಬೀಳಿಸಿಬಿಟ್ರೆ?"

"ಬಿದ್ರೆ ನಾನೇ ಬೀಳಿಸ್ದೆ ಅಂತೀನಿ. ಹಿಡ್ಕೊಳ್ಳಿ."

ಎಲ್ಲರೂ ಒಟ್ಟಿಗೆ ಎತ್ತಿದರು. ಮುದುಕಿಯ ನಡುಗುವ ಬೆರಳುಗಳ ಕೆಳಗೆ ಮಗಳು ತನ್ನ ಅಂಗೈ ಕೊಟ್ಟಳು. ಸ್ಟ್ರೆಚರು ಒಂದಿಷ್ಟೂ ವಾಲದೆ ಬಾಗಿಲು ದಾಟಿತು.